ತಂಗಿಯ ಕಂಪ್ಯೂಟರಿಗೆ ನಾನು ಹುಡುಕಿ ತಂದ ಟೇಪು

ನನ್ನ ತಂಗಿ ಟಿ. ನರಸೀಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಾಳೆ. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನಂಜನಗೂಡಿನ ನನ್ನ ಹೊಲಿಗೆ ಅಂಗಡಿಗೆ ಬಂದ ಹೆಂಗಸರು ಅಳತೆ ಕೊಡಲು ಎರಡೂ ಕೈ ಎತ್ತಿ ನಿಂತಿರುವಾಗ ಹೇಳುವುದು ಇನ್ನೂ ಸುಲಭ. ಅವರು ಆಗ ಎಲ್ಲಿಗೂ ಓಡಿಹೋಗುವಂತಿಲ್ಲ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಅವಳು ಡಿಪ್ಲೊಮಾ ಮುಗಿಸಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಜಡೆ ಹೆಣೆದದ್ದು, ಸ್ಕೂಲಿನ ಲಂಗ ಹೊಲಿದದ್ದು ನಾನೇ. ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಅಡಿಭಾಗವನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದಳು. ನಾನು ಹೊಡೆದೆ. ಅಳುತ್ತಲೇ ಒಂದೊಂದು ಸ್ಕ್ರೂ ಅದರದರ ಜಾಗಕ್ಕೆ ಹಾಕಿದಳು. ಆಮೇಲೆ ಆ ಮೆಷಿನ್ನು ಮುಂಚಿಗಿಂತ ಹಗುರವಾಗಿ ಓಡತೊಡಗಿತು. ಹೊಡೆದದ್ದಕ್ಕೆ ಅವತ್ತು ಅವಳಿಗೆ ಏನೂ ಹೇಳಲಿಲ್ಲ. ತಪ್ಪು ನನ್ನದಾದಾಗ ಬಾಯಿ ಮುಚ್ಚಿಕೊಳ್ಳುವುದು ನನ್ನ ಹಳೆಯ ಜಾಯಮಾನ. ಆ ಜಾಯಮಾನದಿಂದಲೇ ಅವಳಿಗೆ ಇನ್ನೊಂದು ಅನ್ಯಾಯ ಮಾಡಿದೆ. ಅದನ್ನು ಬರೆಯಬೇಕು.

ನರಸೀಪುರದಲ್ಲಿ ಒಬ್ಬರು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾರೆ. ಮದುವೆ ಆಲ್ಬಮ್ ಮಾಡುವ ಅವರ ಕಂಪ್ಯೂಟರ್ ಬಹಳ ನಿಧಾನವಾಗಿತ್ತು. ಮೈಸೂರಿಗೆ ಒಯ್ಯುವವರಿದ್ದರು. ತಂಗಿ, "ನಾನೇ ಮಾಡ್ಕೊಡ್ತೀನಿ ಸಾ" ಎಂದು ಕೇಳಿ ತೆಗೆದುಕೊಂಡಳು. ಅದು ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಅಡಗಿರುವ ಜಾತಿಯದು. ಅಂಥದ್ದನ್ನು ಆ ಊರಿನಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಮುಂಭಾಗದ ಗಾಜಿಗೆ ಒಂದು ಸ್ಕ್ರೂ ಕೂಡ ಇರುವುದಿಲ್ಲ; ಸುತ್ತ ಅಂಚಿಗೆ ಟೇಪಿನಿಂದ ಅಂಟಿಸಿರುತ್ತಾರೆ. ಒಳಗೆ ಹೊಸ ಡಿಸ್ಕು, ಹೆಚ್ಚಿನ ಮೆಮೊರಿ ಹಾಕಬೇಕಾದರೆ ಆ ಟೇಪನ್ನು ಸೀಳಲೇಬೇಕು. ಸೀಳಿದ ಟೇಪು ಮತ್ತೆ ಅಂಟುವುದಿಲ್ಲ. ಅದಕ್ಕೆಂದೇ ಅಳತೆಗೆ ಕತ್ತರಿಸಿದ ಪಟ್ಟಿಗಳನ್ನು ಅವಳು ಆನ್‌ಲೈನಿನಲ್ಲಿ ತರಿಸಿದ್ದಳು. ಗಾಜು ಬಿಚ್ಚಿದ ಮೇಲೆ ನೋಡಿದರೆ ಬಂದದ್ದು ಬೇರೆ ಮಾದರಿಯದು. ನನಗೆ ಫೋನ್ ಮಾಡಿದಳು.

"ಅಕ್ಕ, ಇಲ್ಲಿ ಸಿಕ್ಕೋ ಟೇಪ್ ಯಾವ್ದೂ ಆಯ್ತಿಲ್ಲ ಕನ. ನೀ ವಸಿ ನಂಜನಗೂಡಲ್ಲಿ ನೋಡ್ತೀಯಾ?"

"ಎರಡ್ ಕಡೆ ಅಂಟಿರೋದು ತಾನೆ? ಪುಸ್ತಕದಂಗ್ಡೀಲೇ ಸಿಕ್ತದಲ್ಲ."

"ಅದು ಪೇಪರ್ ಅಂಟ್ಸೋದು ಕನಕ್ಕ. ಇದು ಗಾಜ್ ಇಡ್ಕೋಬೇಕು. ದಪ್ಪ ಆದ್ರ ಗಾಜು ಉಬ್ಕೊಂಡ್ ನಿಂತ್ಕತದ, ತೆಳ್ಳಗಾದ್ರ ಬಿದ್ದೋಯ್ತದ. ಹಳೇ ತುಂಡು ಬಸ್ಸಲ್ಲಿ ಕಳುಸ್ತೀನಿ, ಕೈಯಲ್ಲಿ ಇಡ್ಕೊಂಡ್ ನೋಡು."

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಲಕೋಟೆ ಬಂತು. ಒಳಗೆ ಕಿರುಬೆರಳಿನಷ್ಟು ಅಗಲದ ಕಪ್ಪು ಟೇಪಿನ ತುಂಡು. ಸ್ಪಂಜಿನಂಥದ್ದು, ಆದರೆ ಸ್ಪಂಜಿನಷ್ಟು ಮೆತ್ತಗಿಲ್ಲ. ಅದನ್ನು ಹಿಡಿದುಕೊಂಡು ಪೇಟೆಗೆ ಹೋದೆ. ಕನ್ನಡಿ ಅಂಗಡಿಯವನು ಬಿಳಿಯ ದಪ್ಪ ಟೇಪು ತೆಗೆದ.

"ಯಾತಕ್ಕಕ್ಕ, ಬಚ್ಚಲ್ ಕನ್ನಡೀಗಾ?"

"ಕಂಪ್ಯೂಟ್ರಿಗೆ."

"ಕಂಪ್ಯೂಟ್ರಿಗೆ ಟೇಪ್ ಸುತ್ತುದ್ರ ಅದು ರಿಪೇರಿ ಅಲ್ಲ ಕನಕ್ಕೋ, ಬ್ಯಾಂಡೇಜು!"

ಅವನ ನಗು ಮುಗಿಯುವತನಕ ನಿಂತು, ಟೇಪನ್ನು ಬೆರಳಿನ ನಡುವೆ ಉಜ್ಜಿ ನೋಡಿ ವಾಪಸು ಕೊಟ್ಟೆ. ದಪ್ಪವಾಯಿತು. ಹಾರ್ಡ್‌ವೇರ್ ಅಂಗಡಿಯದು ತೆಳುವಾಯಿತು. ಕೊನೆಗೆ ಊಟಿ ರಸ್ತೆಯಲ್ಲಿ ಕಾರುಗಳಿಗೆ ಸ್ಟಿಕ್ಕರು, ಹೊಳೆಯುವ ಪಟ್ಟಿ ಅಂಟಿಸುವವನ ಹತ್ತಿರ ಹೋದೆ. ಅವನು ಮೂರು ಸುರುಳಿ ಮುಂದಿಟ್ಟ. ನಾನು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮುಟ್ಟಿದೆ. ಕಾಲರಿನೊಳಗೆ ಹಾಕುವ ಕ್ಯಾನ್ವಾಸನ್ನು ಮೂವತ್ತು ವರ್ಷದಿಂದ ಹೀಗೆಯೇ ಆರಿಸುತ್ತಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಎರಡನೆಯ ಸುರುಳಿಗೆ ಕೈ ನಿಂತಿತು. ತಂಗಿ ಅದನ್ನು ತನ್ನ ಅಂಗಡಿಯಲ್ಲಿ ಸಣ್ಣ ಉಪಕರಣದಲ್ಲಿ ಅಳೆದು ನೋಡಿ, "ಸರಿಯಾಗಿ ಅಷ್ಟೇ ಅದೆ ಕನಕ್ಕ!" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದು ನನಗೆ ಈಗಲೂ ಇಷ್ಟ.

ನಾನು ಅವತ್ತು ಅಂಗಡಿಗೆ ಬಾಗಿಲು ಹಾಕಿ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರಕ್ಕೆ ಬಂದಿದ್ದೆ. ಟೇಪನ್ನು ಕತ್ತರಿಸುವುದೂ ನನ್ನದೇ ಕೆಲಸವಾಯಿತು. ಅಂಚು ಎಲ್ಲ ಕಡೆ ನೇರವಾಗಿರಲಿಲ್ಲ. ಮೂಲೆಯಲ್ಲಿ ಬಾಗಬೇಕು, ಮೈಕಿನ ಸಣ್ಣ ತೂತನ್ನು ಬಿಟ್ಟು ಹೋಗಬೇಕು. ರವಿಕೆಯ ಕುತ್ತಿಗೆಗೆ ಮಾಡುವ ಹಾಗೆ ಕಂದು ಕಾಗದದಲ್ಲಿ ಮೊದಲು ಮಾದರಿ ತೆಗೆದೆ. ಆ ಮಾದರಿಯ ಮೇಲೆ ಟೇಪಿನ ಪಟ್ಟಿಗಳನ್ನು ಕತ್ತರಿಸಿ ಸಾಲಾಗಿ ಇಟ್ಟೆ. ಅಷ್ಟರಲ್ಲಿ ತಂಗಿ ಹೊಸ ಡಿಸ್ಕನ್ನು ಕೂರಿಸಿ, ಚೌಕಟ್ಟಿನ ಅಂಚನ್ನು ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿದಳು. ಆಗ ಯಾರೋ ಹೊರಗಿನಿಂದ ಪ್ರಿಂಟರ್ ವಿಷಯಕ್ಕೆ ಕೂಗಿದರು.

"ಇದನ್ ಮುಟ್ಬೇಡ ಕನಕ್ಕ. ಬೆರಳ್ ಜಿಡ್ಡೂ ತಾಗ್ಬಾರ್ದು" ಎಂದು ಹೇಳಿ ಹೋದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಬಟ್ಟೆಗೆ ಕತ್ತರಿ ತಾಗಿಸುವ ಮುಂಚೆ ಮೂರು ಬೆರಳಿನಲ್ಲಿ ವಿಭೂತಿ ತೆಗೆದು ಅದರ ಮೂಲೆಗೆ ಎಳೆಯುತ್ತೇವೆ. ಅಪ್ಪ ನೇಗಿಲಿಗೆ ಎಳೆಯುತ್ತಿದ್ದರು, ನಾನು ಬಟ್ಟೆಗೆ ಎಳೆಯುತ್ತೇನೆ. ನನ್ನ ಚೀಲದಲ್ಲಿ ವಿಭೂತಿ ಗಟ್ಟಿ ಯಾವಾಗಲೂ ಇರುತ್ತದೆ. ಆ ಕಂಪ್ಯೂಟರ್ ಹೊಟ್ಟೆ ತೆರೆದುಕೊಂಡು ಮಲಗಿದ್ದನ್ನು ನೋಡಿ, ಇದು ನನ್ನ ತಂಗಿಯ ಮೊದಲ ದೊಡ್ಡ ಕೆಲಸ, ಹಾಗೇ ಮುಚ್ಚುವುದು ಹೇಗೆ ಅನ್ನಿಸಿತು. ಒಳಗಿನ ತಂತಿಗಳನ್ನು ಮುಟ್ಟಲು ಹೆದರಿಕೆ. ಅಂಚು ಮಾತ್ರ ಖಾಲಿಯಾಗಿ, ಶುಭ್ರವಾಗಿ ಕಂಡಿತು. ಜಿಡ್ಡು ತಾಗಬಾರದು ಎಂದಿದ್ದಳು. ಬೂದಿ ಜಿಡ್ಡಲ್ಲವಲ್ಲ, ಜಿಡ್ಡು ತೆಗೆಯಲೆಂದೇ ಇಷ್ಟಲಿಂಗ ಇಡುವ ಬೆಳ್ಳಿ ಲಿಂಗದಕಾಯಿಯನ್ನು ವಿಭೂತಿಯಲ್ಲಿ ಉಜ್ಜುತ್ತೇವಲ್ಲ ಎಂದು ಯೋಚಿಸಿದೆ. ಮೇಲಿನ ಅಂಚಿನ ಉದ್ದಕ್ಕೂ ಮೂರು ಬೆರಳು ಎಳೆದುಬಿಟ್ಟೆ. ಬೂದು ಬಣ್ಣದ ಲೋಹದ ಮೇಲೆ ಅದು ಕಾಣಲೂ ಇಲ್ಲ.

ತಂಗಿ ಬಂದು ಟೇಪು ಅಂಟಿಸಿದಳು. ಗಾಜು ಕೂರಿಸಿ ಒಂದು ದಿನ ಒತ್ತಿ ಇಟ್ಟಳು. ಸ್ಟುಡಿಯೋದವರು ಗುಂಡಿ ಒತ್ತಿದಾಗ ಪರದೆ ತಟ್ಟನೆ ಎದ್ದಿತಂತೆ. "ಇನ್ ಮೈಸೂರ್ ಯಾಕಮ್ಮ ನಂಗೆ!" ಎಂದರಂತೆ. ಆ ವಾರ ನನ್ನ ಅಂಗಡಿಗೆ ಬಂದ ಯಾರೂ ಈ ಕಥೆ ಕೇಳದೆ ಮನೆಗೆ ಹೋಗಲಿಲ್ಲ.

ಮೂರು ವಾರದ ನಂತರ ಅವರು ಆಲ್ಬಮ್ ಮಾಡುತ್ತಿರುವಾಗ ಗಾಜು ಮೇಲಿನಿಂದ ಬಿಟ್ಟುಕೊಂಡು ಮುಂದಕ್ಕೆ ಬಾಗಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದರಂತೆ. ಒಡೆಯಲಿಲ್ಲ. ಕಂಪ್ಯೂಟರಿಗೆ ಟವೆಲ್ ಕಟ್ಟಿ ಆಟೋದಲ್ಲಿ ತಂಗಿಯ ಅಂಗಡಿಗೆ ತಂದು, ಇದ್ದವರೆಲ್ಲರ ಎದುರು ಅವಳನ್ನು ಬಾಯಿಗೆ ಬಂದಂತೆ ಬೈದರು. ಆಮೇಲೆ ಅದನ್ನು ಅದೇ ಆಟೋದಲ್ಲಿ ಮೈಸೂರಿಗೆ ಒಯ್ದರು.

ತಂಗಿ ಫೋನಿನಲ್ಲಿ ಹೇಳಿದಳು: "ಟೇಪು ಗಾಜಿನ್ ಕಡೆ ಗಟ್ಟಿಯಾಗಿ ಇಡ್ಕೊಂಡದೆ ಕನಕ್ಕ. ಚೌಕಟ್ಟಿನ್ ಕಡೆ ಮಾತ್ರ ಪೂರಾ ಬಿಟ್ಕೊಂಡದೆ. ಏನೋ ಬೂದುಪುಡಿ ತರ ಅಂಟ್ಕೊಂಡಿತ್ತು. ನಾನೇ ಸರ್ಯಾಗಿ ಒರ್ಸಿಲ್ಲ ಅನ್ಸ್ತದೆ."

ಆ ಪುಡಿ ಏನೆಂದು ನನಗೆ ಗೊತ್ತಾಯಿತು. ಆದರೆ ನನ್ನ ಬಾಯಿಂದ ಬಂದದ್ದು, "ಇರ್ಬೋದು ಕನ."

ಬೂದಿ ಎಳೆದದ್ದು ತಿಳಿಯದೆ. "ಇರ್ಬೋದು" ಎಂದದ್ದು ತಿಳಿದು. ಟೇಪು ಹುಡುಕಿದ ಅಕ್ಕ ಎಂಬ ಹೆಸರು ನನಗೆ ಬೇಕಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಾಲ್ಕು ತಿಂಗಳು ಹಾಗೇ ಕಳೆಯಿತು. ಒಮ್ಮೆ ಹೆಮ್ಮಿಗೆಯಲ್ಲಿ ನೆಂಟರ ಮನೆಗೆ ಹೋದವಳು ಬರುವಾಗ ತಂಗಿಯ ಅಂಗಡಿಯಲ್ಲಿ ಇಳಿದೆ. ಅವಳು ನನ್ನ ಕೈಗೆ ನೀರಿನ ಚೆಂಬು ಕೊಡುತ್ತಿದ್ದಾಗ ಪಂಚೆ ಉಟ್ಟ ಮೇಷ್ಟ್ರೊಬ್ಬರು ಒಂದು ಕಂಪ್ಯೂಟರನ್ನು ಮಗುವಿನ ಹಾಗೆ ತಬ್ಬಿಕೊಂಡು ಬಂದರು. ಅದೇ ಜಾತಿಯದು. ತಂಗಿ ಅದನ್ನು ಮೇಜಿನ ಮೇಲೆ ಇಡಲೂ ಬಿಡಲಿಲ್ಲ.

"ಇಂಥದ್ದು ನಾನು ಬಿಚ್ಚಲ್ಲ ಸಾ. ಮೈಸೂರ್ಗ್ ತಕ್ಕೊಂಡೋಗಿ."

"ಎಲ್ಲಾ ತರ ಕಂಪ್ಯೂಟರ್ ಅಂತ ಬೋರ್ಡ್ ಹಾಕಿದ್ದೀಯಲ್ಲಮ್ಮ?"

"ಅಳಿಸ್ಬೇಕು ಸಾ. ನನ್ ಕೈಗ್ ಆಗಲ್ಲ ಅದು. ಮೂರ್ ಜನಕ್ಕೆ ಇಂಗೇ ಏಳಿ ಕಳುಸ್ದೆ."

ಮೂರು ಜನ. ಆರು ವರ್ಷಕ್ಕೆ ಹೊಲಿಗೆ ಮೆಷಿನ್ನು ಬಿಚ್ಚಿದವಳು ತನ್ನ ಕೈಗೆ ಆಗುವುದಿಲ್ಲ ಎನ್ನುತ್ತಿದ್ದಾಳೆ. ಮೇಷ್ಟ್ರು ಮೆಟ್ಟಿಲು ಇಳಿಯುತ್ತಿದ್ದರು. "ಇರಿ ಸಾ" ಎಂದೆ. ಚೆಂಬನ್ನು ಕೆಳಗಿಟ್ಟೆ. ಅವರ ಎದುರಿಗೇ ಎಲ್ಲವನ್ನೂ ಹೇಳಿದೆ: ಮೂರು ಬೆರಳು, ಮೇಲಿನ ಅಂಚು, ಫೋನಿನಲ್ಲಿ ಅಂದ ಮಾತು.

ತಂಗಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೇಜಿನ ಒಳಗಿಂದ ಉಳಿದಿದ್ದ ಟೇಪಿನ ಸುರುಳಿ ತೆಗೆದಳು. ಎರಡು ತುಂಡು ಕತ್ತರಿಸಿದಳು. ಸ್ಟೀಲ್ ತಗಡೊಂದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒಂದು ತುಂಡನ್ನು ಅದರ ಒಂದು ಬದಿಗೆ ಅಂಟಿಸಿದಳು. ಆಮೇಲೆ ನನ್ನ ಹತ್ತಿರ ಬಂದು, ನನ್ನ ಹಣೆಯಿಂದ ಹೆಬ್ಬೆರಳಿನಲ್ಲಿ ವಿಭೂತಿ ತೆಗೆದು ತಗಡಿನ ಇನ್ನೊಂದು ಬದಿಗೆ ಸವರಿ, ಅದರ ಮೇಲೆ ಎರಡನೆಯ ತುಂಡು ಒತ್ತಿದಳು. ಮೇಷ್ಟ್ರು ಕಂಪ್ಯೂಟರ್ ತಬ್ಬಿಕೊಂಡೇ ಬಗ್ಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದು ಎಳೆದಳು. ಮೊದಲನೆಯದಕ್ಕೆ ತಗಡೇ ಎದ್ದು ಬಂತು. ಎರಡನೆಯದು ದಾಸವಾಳದ ಎಸಳಿನಂತೆ ಕಳಚಿಕೊಂಡಿತು.

"ಪ್ರಾಕ್ಟಿಕಲ್ ಅಂದ್ರೆ ಇದು ಕಣಮ್ಮ" ಎಂದರು ಮೇಷ್ಟ್ರು.

"ಇಟ್ಟೋಗಿ ಸಾ. ಸೋಮ್ವಾರ ಬನ್ನಿ" ಎಂದಳು ತಂಗಿ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಬೂದಿ ಎಳ್ದಿದ್ಕೆ ನಂಗೇನೂ ಇಲ್ಲ ಕನಕ್ಕ. ನಂಗೆ ಒಳ್ಳೇದಾಗ್ಲಿ ಅಂತ್ಲೇ ಎಳ್ದೆ. ನಾಕ್ ತಿಂಗ್ಳು ನನ್ ಕೈನ ನಾನೇ ನಂಬ್ನಿಲ್ವಲ್ಲ, ಅದುನ್ನ ನೋಡ್ಕೊಂಡು ಎಂಗ್ ಸುಮ್ಕಿದ್ದೆ?"

ಚೀಲವನ್ನು ಹೆಗಲಿಗೆ ಹಾಕಿಕೊಂಡೆ.

"ಸ್ಟುಡಿಯೋ ಎಲ್ಲದೆ?" ಎಂದು ಕೇಳಿದೆ. ಅವಳು ಕೈ ತೋರಿಸಿದಳು. ಒಬ್ಬಳೇ ಹೋದೆ.

ಸ್ಟುಡಿಯೋದವರು ಮದುಮಗಳ ಫೋಟೋ ಒಂದನ್ನು ದೊಡ್ಡದು ಮಾಡುತ್ತಾ ಪೂರ್ತಿ ಕೇಳಿಸಿಕೊಂಡರು. ಅವರ ಹಣೆಯಲ್ಲೂ ವಿಭೂತಿ ಇತ್ತು. "ಅಯ್ಯೋ, ದೇವರ ಕೆಲಸ ಬಿಡಮ್ಮ" ಎಂದರು.

"ದೇವ್ರ ಮೇಲೆ ಯಾಕ್ ಹಾಕ್ತೀರಿ ಸಾ? ನನ್ ಕೆಲ್ಸ ಅದು. ಅವ್ಳದ್ದೇನೂ ತಪ್ಪಿಲ್ಲ."

"ಆಯ್ತಮ್ಮ, ಗೊತ್ತಾಯ್ತಲ್ಲ."

"ನಿಮ್ಗ್ ಗೊತ್ತಾದ್ರ ಸಾಕಾ? ಆ ಹುಡುಗಿಗೆ ಕೆಲ್ಸ ಬರಲ್ಲ ಅಂತ ಯಾರ್ಯಾರ್ಗ್ ಏಳಿದ್ರಿ?"

ಅವರು ಕತ್ತು ತುರಿಸಿಕೊಂಡರು. "ಎರಡ್ಮೂರು ಜನಕ್ಕೆ ಹೇಳಿರ್ಬೋದು."

"ಅವ್ರ್ಗೆಲ್ಲ ಈಗ ಇದುನ್ನೂ ಏಳಿ ಸಾ."

"ಈಗ್ಲೇನಾ?"

"ನಾನು ಹೊಲಿಗೆಯವ್ಳು ಸಾ. ದಿನಪೂರ್ತಿ ಬೇಕಾದ್ರ ಕೂತ್ಕೋತೀನಿ" ಎಂದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಫೋಟೋ ತೆಗೆಸಿಕೊಳ್ಳುವವರು ಕೂರುವ ಸ್ಟೂಲು ಅದು. ಎದುರಿಗೆ ಕ್ಯಾಮೆರಾ ಇತ್ತು. ಅವರು ನನ್ನನ್ನು ನೋಡಿದರು, ನಕ್ಕರು, ಫೋನ್ ತೆಗೆದರು. ಅವರು ಆ ಕಡೆಯವರಿಗೆ ಬೂದಿಯ ಕಥೆಯನ್ನು ನಾನು ಹೇಳಿದ್ದಕ್ಕಿಂತ ದೊಡ್ಡದು ಮಾಡಿ ಹೇಳಿದರು. ನನ್ನನ್ನು ಹಳ್ಳಿ ಗುಗ್ಗು ಎಂದರು. ಎರಡನೆಯ ಫೋನೂ ಆಯಿತು. ಮೂರನೆಯದು ಮುಗಿದ ಮೇಲೆ ಎದ್ದೆ.

ವಾಪಸು ಬಂದಾಗ ತಂಗಿ ಮೇಷ್ಟ್ರ ಕಂಪ್ಯೂಟರನ್ನು ಆಗಲೇ ಮೇಜಿನ ಮೇಲೆ ಮಲಗಿಸಿದ್ದಳು. ಬಿಲ್ಲೆಯಂಥ ಪುಟ್ಟ ಗಾಲಿಯ ಉಪಕರಣವನ್ನು ಗಾಜಿನ ಅಂಚಿನೊಳಗೆ ತೂರಿಸಿ ಮೆಲ್ಲಗೆ ಉರುಳಿಸುತ್ತಿದ್ದಳು. ಟೇಪು ಚರ್ ಚರ್ ಎಂದು ಸೀಳುತ್ತಿತ್ತು. ಅವಳ ಕೈ ಒಂದು ಕಡೆಯೂ ತಡವರಿಸಲಿಲ್ಲ. ಅವಳ ಕೆಲಸದ ಕಥೆಯನ್ನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೋ, ಆದರೆ ಆ ಕೈ ಇಂಥ ಗಾಜು ಬಿಚ್ಚುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಬಾಗ್ಲಲ್ ನಿಂತ್ಕೋಬೇಡ ಕನಕ್ಕ, ಬೆಳಕಿಗ್ ಅಡ್ಡ" ಎಂದಳು, ತಲೆ ಎತ್ತದೆ.

ಪಕ್ಕಕ್ಕೆ ಸರಿದೆ.