ಕೂಡ್ರಿಸು ಎಂದಿದ್ದಳು ಅವ್ವ

ಅಕ್ಕಾ, ಅವ್ವ ಯೇಸುವನ್ನು ಒಪ್ಪಿಕೊಂಡು ಸಾಯಲಿಲ್ಲ. ಅದು ನಾನು ಹೇಳಿದ ಸುಳ್ಳು. ಇಷ್ಟು ವರ್ಷ ಅದನ್ನೇ ಉಂಡು ಕೊಬ್ಬಿದೆ. ಬರುವ ರವಿವಾರ ಆ ಸುಳ್ಳನ್ನು ನಂಬಿ ನೀನು ರಾಜೂರಿನ ಹೊಲದ ಕೃಷಿ ಹೊಂಡಕ್ಕೆ ಇಳಿಯುತ್ತೀಯೆ—ದೀಕ್ಷಾಸ್ನಾನಕ್ಕೆ. ಅದಕ್ಕೂ ಮೊದಲು ಇದನ್ನು ಹೇಳದಿದ್ದರೆ ನನ್ನಂಥ ನೀಚ ಇನ್ನೊಬ್ಬನಿಲ್ಲ. ಹೇಳಿದರೂ ಇಲ್ಲ, ಆ ಮಾತು ಬೇರೆ.

ಅದೇ ಹೊಂಡದಲ್ಲಿ ಮುಳುಗಿ ಎದ್ದವನು ನಾನು. ಹಳೆಯ ಮನುಷ್ಯ ಸತ್ತ, ಹೊಸಬ ಹುಟ್ಟಿದ ಎಂದು ದಂಡೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಹೊಸಬ ಹುಟ್ಟಿದ್ದು ನಿಜ—ಹಳಬನಿಗಿಂತ ಜಂಭದವನು. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಸಿರುತ್ತಾರಲ್ಲ, ನೀರು ಮಣ್ಣಿಗೆ ಇಳಿಯಬಾರದೆಂದು, ನನ್ನೊಳಗೂ ಅಂಥದ್ದೇ ಒಂದು ಹಾಳೆ ಇತ್ತು. ಬಟ್ಟೆ ತೊಯ್ದವು, ಅಷ್ಟೇ.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಅವ್ವ ಮಾತ್ರ ಬದಲಾಗಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಯವರೆಗೂ ಸೀರೆ ನೇಯುವಳು. ಪ್ರಾರ್ಥನೆಯ ಕೂಟದಲ್ಲಿ ಒಬ್ಬರು ಒಮ್ಮೆ ಕೇಳಿದರು: "ನಿಮ್ಮ ತಾಯಾರು ಇನ್ನೂ ಹಂಗ ಅದಾರೇನ್ರಿ?" ಆಗ ನನಗೆ ಅವ್ವನ ಆತ್ಮದ ಚಿಂತೆ ಹತ್ತಲಿಲ್ಲ, ನನ್ನ ಮರ್ಯಾದೆಯ ಚಿಂತೆ ಹತ್ತಿತು. ಊರಿಗೆಲ್ಲ ರಕ್ಷಣೆ ಸಾರುವವನ ಮನೆಯಲ್ಲಿ ದೀಪದ ಬುಡಕ್ಕೇ ಕತ್ತಲೆ ಎಂದಾರಲ್ಲ ಎಂದು—ಇಷ್ಟೇ ನನ್ನ ಭಕ್ತಿ.

ಅವ್ವ ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಅವಳ ಹತ್ತಿರ ನಾನೊಬ್ಬನೇ ಇದ್ದೆ. ಆಕೆಯ ಮಾತು ತಡೆತಡೆದು ಬಂತು, ಆದರೆ ತಿಳಿಯಾಗಿ ಬಂತು.

"ನಿನ್ನ ಯೇಸಪ್ಪ ಚಲೋ ದೇವ್ರ ಇರಬೇಕು ತಮ್ಮಾ, ನಾ ಏನ ಅಲ್ಲ ಅನ್ನೂದಿಲ್ಲ. ಆದ್ರ ನನಗ ನನ್ನ ಲಿಂಗ ಸಾಕು. ನಿಮ್ಮ ಮಂದಿ ಹಂಗ ನನ್ನ ಪೆಟ್ಟಿಗ್ಯಾಗ ಮಲಗಿಸಬ್ಯಾಡ. ಜಲ್ಮ ಪೂರ್ತಿ ಕುಣ್ಯಾಗ ಕುಂತು ದುಡದಾಕಿ ನಾ. ಅಂಗೈಯಾಗ ಲಿಂಗ ಇಟ್ಟು, ಕುಂದ್ರಿಸಿ ಮಣ್ಣ ಮಾಡ್ರಿ."

ನಾನು ಹೂಂ ಅಂದೆ. ಹೂಂ ಅಂದ ಬಾಯಿ ಇದೇ.

ನೀನು ನರಗುಂದದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಅವ್ವ ಹೋಗಿದ್ದಳು. ಅವಳ ಕೊರಳಿನ ಲಿಂಗವನ್ನು ನಾನು ಆಗಲೇ ಬಿಚ್ಚಿ, ಮಗ್ಗದ ಪಕ್ಕದ ಗೋಡೆಯ ಗೂಡಿನಲ್ಲಿ ನೂಲಿನ ಉಂಡೆಗಳ ಹಿಂದೆ ತುರುಕಿದ್ದೆ. ಸಮಾಜದ ಹಿರಿಯರು ಕೂಡ್ರಿಸುವ ಕುಣಿ ತೋಡಿಸಲು ಹೊರಟಿದ್ದರು. ಆಗ ನಾನು ನಿನಗೆ ಹೇಳಿದ ಮಾತು ನಿನಗೆ ನೆನಪಿದೆ, ನನಗೂ ಇದೆ: "ಅವ್ವ ಯೇಸಪ್ಪನ್ನ ಒಪ್ಪಿಕೊಂಡ್ಲಕ್ಕಾ. ಚಲೋ ದೇವ್ರು ಅಂತ ನನ್ನ ಕೈ ಹಿಡದ ಹೇಳಿದ್ಲು." ಅವಳ ಮಾತಿನ ಮೊದಲ ತುಂಡನ್ನು ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ನುಂಗಿದ್ದೆ.

ನೀನು ಅಷ್ಟಕ್ಕೇ ನಂಬಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಹಿರಿಯರ ಎದುರು ನಿಂತೆ. "ಆಕಿ ಹಂಗಂದಿದ್ರ ಆತ್ರಿ. ಸಾಯಾಕಿ ಮಾತು ಮೀರೂದು ಬ್ಯಾಡ." ಅವರು ಬಾಯಿಗೆ ಬಂದಂತೆ ಬೈದು, ಮಣ್ಣಿಗೂ ಬರದೆ ಎದ್ದು ಹೋದರು. ಆ ಬೈಗುಳವನ್ನೆಲ್ಲ ನೀನು ತಿಂದೆ. ಅವ್ವನ ಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗ ಮಾತು ಮೀರಿದವನು ನಿನ್ನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

ಅಲ್ಲಿಗಾದರೂ ಬಾಯಿ ಮುಚ್ಚಿದೆನೇ? ಎಲ್ಲ ಕೂಟಗಳಲ್ಲೂ ಅದನ್ನೇ ಬೆಳೆಸಿ ಬೆಳೆಸಿ ಸಾಕ್ಷಿ ಹೇಳಿದೆ. ರೋಣದಲ್ಲಿ ಹೇಳುವಾಗ ಅವ್ವ ಕಣ್ಣೀರು ಹಾಕಿದಳು. ನಿಮ್ಮ ನರಗುಂದಕ್ಕೆ ಬರುವಷ್ಟರಲ್ಲಿ ಅವಳ ಮುಖದಲ್ಲಿ ಬೆಳಕು ಮೂಡಿತ್ತು. ಸೂಡಿಯಲ್ಲಿ ಹಾಡು ಬೇರೆ ಹಾಡಿದಳು—ಒಂದು ಕೀರ್ತನೆಯೂ ಬಾರದ ನನ್ನ ಅವ್ವ. ಜನ ಹಲ್ಲೆಲೂಯ ಎಂದು ಅಳುತ್ತಿದ್ದರು. ತಮ್ಮ ಪಾಪಕ್ಕೆ ಅಳಲು ಯಾರಿಗೂ ಪುರುಸೊತ್ತಿಲ್ಲ. ಸತ್ತವಳ ಪಶ್ಚಾತ್ತಾಪವೆಂದರೆ ಎಲ್ಲರಿಗೂ ರುಚಿ. ಬಡಿಸುತ್ತಿದ್ದವನು ನಾನೇ, ಅವರನ್ನು ಹೀಗಳೆಯಲು ನನಗೆ ಯಾವ ಮೋರೆ?

ಹೋದ ವಾರ ನೀನು ಫೋನ್ ಮಾಡಿದೆ. "ಅವ್ವ ಇದ್ದಲ್ಲೇ ನಾನೂ ಹೋಗಬೇಕಲ್ಲೋ ತಮ್ಮಾ. ಅದಕ್ಕ ದೀಕ್ಷಾಸ್ನಾನ ತಗೋತೀನಿ. ನೀರಿಗಿ ಇಳಿಯೂ ಮುಂದ ನೀನ ಕೈ ಹಿಡಿ." ನಾನು ಸಂತೋಷ ಎಂದೆ. ಮತ್ತೆ ಅದೇ ಹೂಂ.

ನಿನಗೆ ಬೇಕಾದದ್ದು ಯೇಸು ಅಲ್ಲ, ಅವ್ವ. ಇಲ್ಲದ ಕಡೆ ಅವಳನ್ನು ಕೂಡ್ರಿಸಿ ನಿನಗೆ ದಾರಿ ತೋರಿಸಿದ್ದೇನೆ. ಯೇಸುವನ್ನು ನಾನು ಈಗಲೂ ನಂಬುತ್ತೇನೆ ಅಕ್ಕಾ, ನಾಚಿಕೆಯಾಗುವುದೂ ಅದಕ್ಕೇ—ಅವನ ಹೆಸರಿನಲ್ಲೇ ಇದನ್ನೆಲ್ಲ... ಬಿಡು.

ರವಿವಾರ ಬಸ್‌ಸ್ಟ್ಯಾಂಡಿನಲ್ಲಿ ನೀನು ಇಳಿದ ಕೂಡಲೇ, ರಾಜೂರಿನ ದಾರಿ ಹಿಡಿಯುವ ಮೊದಲು, ಈಗ ಮನಸ್ಸಿನಲ್ಲೇ ಹೇಳಿಕೊಂಡ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಲಿಂಗವನ್ನು ನಿನ್ನ ಕೈಗೆ ಕೊಡುತ್ತೇನೆ. ಆಮೇಲೆ ನೀರಿಗೆ ಇಳಿಯುವುದು, ಬಿಡುವುದು ನಿನ್ನ ಇಚ್ಛೆ; ಇಳಿದರೆ ಕೈ ಹಿಡಿಯುವವನು ನಾನಾಗಬಾರದು. ನೀನು ಇಳಿದರೂ ಬಿಟ್ಟರೂ ನಾನು ಹೊಂಡದ ದಂಡೆಗೆ ಹೋಗಿ, ಚಪ್ಪಾಳೆ ತಟ್ಟಿದ ಅದೇ ಜನರ ಮುಂದೆ ಇದನ್ನು ಹೇಳುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ.

ಅವ್ವ ಈಗ ಎಲ್ಲಿದ್ದಾಳೆಂದು ನೀನು ಕೇಳಿದರೆ ನನಗೆ ಗೊತ್ತಿಲ್ಲ. ಕೂಡ್ರಿಸು ಎಂದವಳನ್ನು ಎಲ್ಲಿ ಮಲಗಿಸಿದೆ ಎಂಬುದಷ್ಟೇ ಗೊತ್ತು.