ಸುಟ್ಟ ಜಾಗದ ಸುತ್ತ ಬಿಳಿ ಉಂಗುರ

ನನ್ನ ಅಕ್ಕ ಜಗಳೂರಿನ ಕಡೆ ಕುರಿ ಸಾಕಿಕೊಂಡಿದ್ದವಳು. ಮಿದುಳಿನ ಗಡ್ಡೆಯನ್ನು ಒಮ್ಮೆ ತಲೆ ತೆರೆದು ತೆಗೆದಿದ್ದರು, ರೇಡಿಯೇಷನ್ನೂ ಆಗಿತ್ತು. ಬೇಸಿಗೆ ರಜೆಗೆಂದು ನಾನು ಪಾಠ ಮಾಡುವ ಸವಳಂಗದ ಶಾಲೆ ಮುಗಿಸಿ ಅಲ್ಲಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಅವಳ ಕೈಯಿಂದ ಚೆಂಬು ಜಾರಿತು. ಎತ್ತಿಕೊಳ್ಳಲಿಲ್ಲ. ನನ್ನ ಮುಖ ನೋಡಿ, "ಮತ್ತೆ ಬಂದೈತೆ ಕಣೇ," ಎಂದಳು.

ಸ್ಕ್ಯಾನ್ ಅವಳ ಮಾತನ್ನೇ ಹೇಳಿತು. ಈ ಸಲ ಗಡ್ಡೆ ಆಳದಲ್ಲಿತ್ತು, ಕುಯ್ದರೆ ಮಾತೇ ಹೋಗಬಹುದಾದ ಜಾಗದಲ್ಲಿ. ದೊಡ್ಡಾಸ್ಪತ್ರೆಯ ಡಾಕ್ಟರು ಲೇಸರ್ ವಿಷಯ ತೆಗೆದರು. ತಲೆಬುರುಡೆಗೆ ಸಣ್ಣ ತೂತು ಕೊರೆದು, ತೆಳ್ಳನೆ ಕಡ್ಡಿಯನ್ನು ಗಡ್ಡೆಯೊಳಗೆ ಇಳಿಸಿ, ಎಂ.ಆರ್.ಐ.ನಲ್ಲಿ ನೋಡುತ್ತಾ ಒಳಗಿನಿಂದಲೇ ಸುಡುವುದು.

ಭಾವನ ಮುಖ ಅರಳಿತು. "ಕಣ್ಣಿಗೆ ಮಾಡ್ತಾರಲ್ರೀ, ಅಂಥದ್ದೇನ್ರಿ?"

ಅಕ್ಕ ಅವರನ್ನು ಸುಮ್ಮನಿರಿಸಿದಳು. "ಮಾಡಿಸ್ಕೊಂಡೋರು ಹೆಂಗದಾರೆ ಸಾರ್? ಅದನ್ನ ಹೇಳ್ರಿ."

ಡಾಕ್ಟರು ಸ್ಕ್ಯಾನನ್ನು ಪಕ್ಕಕ್ಕಿಟ್ಟರು. "ಕೆಲವರಿಗೆ ಒಳ್ಳೆಯದಾಗಿದೆಯಮ್ಮ. ಆದರೆ ಅಧ್ಯಯನದ ವರದಿಗಳು ಬಹುಪಾಲು ಸಣ್ಣ ಸಣ್ಣ ಗುಂಪಿನವು. ಆರಿಸಿಕೊಂಡಿದ್ದೂ ಹೆಚ್ಚಾಗಿ ಗಡ್ಡೆ ಚಿಕ್ಕದಿದ್ದವರನ್ನು, ಓಡಾಡಿಕೊಂಡಿದ್ದವರನ್ನು. ಅವರು ಹೆಚ್ಚು ದಿನ ಬದುಕಿದ್ದು ಲೇಸರ್‌ನಿಂದಲೋ, ಮೊದಲೇ ಗಟ್ಟಿಯಾಗಿದ್ದರಿಂದಲೋ, ಖಚಿತವಾಗಿ ಹೇಳುವಷ್ಟು ಪುರಾವೆ ಇನ್ನೂ ಇಲ್ಲ. ಸುಟ್ಟ ಮೇಲೆ ಊತವೂ ಬರಬಹುದು."

"ಸುಮ್ನೆ ಬಿಟ್ರೆ?"

"ಬೆಳೆಯುತ್ತದೆ."

"ಹಂಗಾದ್ರೆ ಸುಡ್ರಿ."

ಹೊಲಿಗೆ ಉಗುರಿನಷ್ಟೂ ಇರಲಿಲ್ಲ. ಬೇಗನೆ ಮನೆಗೆ ಬಂದಳು. ಬಂದ ಮೇಲೆ ಊತ ಶುರುವಾಗಿ ಮಾತು ಕಲಸಿಹೋಯಿತು. ನೀರು ಬೇಕಾದಾಗ "ಕಂಬಳಿ ಕೊಡು" ಎನ್ನುತ್ತಿದ್ದಳು. ಮಾತ್ರೆಗಳಿಂದ ಅದು ಇಳಿಯಿತು. ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಅವಳೇ ಕುರಿಹಟ್ಟಿಗೆ ಹೋಗಿಬರುತ್ತಿದ್ದಳು. ಭಾವ ಓಣಿಗೆಲ್ಲ ಲೇಸರ್ ಮಹಿಮೆ ಹೇಳಿದರು.

ಮುಂದಿನ ಸ್ಕ್ಯಾನಿನಲ್ಲಿ ಸುಟ್ಟ ಜಾಗ ಕಪ್ಪಗಿತ್ತು, ಅದರ ಸುತ್ತ ಬಿಳಿ ಉಂಗುರ. "ಇದು ಸುಟ್ಟ ಗಾಯದ್ದೂ ಇರಬಹುದು, ಗಡ್ಡೆಯದೂ ಇರಬಹುದು," ಎಂದರು ಡಾಕ್ಟರು. "ಕಾದು ನೋಡಬೇಕು."

ಕಾಯುವುದು ಅಂದರೆ ಏನೆಂದು ಆಗ ಗೊತ್ತಾಯಿತು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುತ್ತಿದ್ದೆ. ಅವಳು ಲೋಟ ಹಿಡಿದರೆ, ಸೆರಗು ಸರಿಮಾಡಿಕೊಂಡರೆ ನನ್ನ ಕಣ್ಣು ಅಲ್ಲೇ. ಒಮ್ಮೆ ರೊಟ್ಟಿ ತಟ್ಟುತ್ತಾ, "ಕೈ ನೋಡಬ್ಯಾಡ, ಮುಖ ನೋಡಿ ಮಾತಾಡು," ಎಂದಳು. ಆ ರೊಟ್ಟಿ ಒಂದು ಕಡೆ ದಪ್ಪಗಿತ್ತು.

ಉಂಗುರ ಅಗಲವಾಯಿತು. ಸಂಕ್ರಾಂತಿಗೆ ಬಲಗೈ ಸ್ವಾಧೀನ ತಪ್ಪಿತು, ಆಮೇಲೆ ಮಾತೂ ನಿಂತಿತು. ಯುಗಾದಿಗೆ ಮುಂಚೆ ಅಕ್ಕ ಹೋದಳು.

ಅವಳಿಗೆ ಸಿಕ್ಕ ಆ ಒಳ್ಳೆಯ ದಿನಗಳು ಲೇಸರ್ ಕೊಟ್ಟವೇ ಎಂದು ಡಾಕ್ಟರನ್ನು ಕೇಳಿದೆ. "ಒಬ್ಬರನ್ನು ನೋಡಿ ಹೇಳಲು ಆಗುವುದಿಲ್ಲ," ಎಂದರು.

ಮೊನ್ನೆ ಚನ್ನಗಿರಿಯಿಂದ ಯಾರೋ ಫೋನ್ ಮಾಡಿದ್ದರು. ನಂಬರು ಭಾವ ಕೊಟ್ಟಿದ್ದಂತೆ. "ಮೇಡಂ, ನನ್ನ ಹೆಂಡ್ತಿಗೂ ಅದೇ ಐತೆ. ಲೇಸರ್ ಅಂತಾರೆ. ನಿಮ್ಮ ಅಕ್ಕಾರಿಗೆ ಉಪಯೋಗ ಆಯ್ತೇನ್ರಿ?"

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಊತದ ವಿಷಯ, ಉಂಗುರದ ವಿಷಯ, ಅಕ್ಕ ಉಳಿಯದ ವಿಷಯ. ಅವರ ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು: "ಏನಂತ್ರೀ?"

"ವಾಸಿ ಆಗ್ತೈತಂತೆ," ಎಂದರು ಅವರು.