ಕೆಂಪು ಬಟ್ಟೆ ಕಟ್ಟಿದ ಕಮರ

ಗಂಗಕ್ಕನಿಗೆ ಸುಮ್ಮನಿರುವುದು ಗೊತ್ತಿಲ್ಲ. ಕುರಿಗಳ ಜೊತೆ ಮಾತು, ಅವು ಕಿವಿಗೊಡದಿದ್ದರೆ ಕಲ್ಲುಗುಂಡಿನ ಜೊತೆ ಮಾತು. ಶ್ರೀರಾಂಪುರದ ಹತ್ತಿರದ ಹಟ್ಟಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಗಂಡ ತೀರಿಕೊಂಡ ಮೇಲೂ ಕುರಿ ಬಿಡದ ಹೆಂಗಸು. ಬೇಸಿಗೆಯಲ್ಲಿ ಕುರಿಗಳನ್ನು ಸಾಕುವುದು ಹಟ್ಟಿಯ ಹಿಂದಿನ ಗುಡ್ಡದ ಕಮರದ ಮರಗಳ ಸೊಪ್ಪು.

ಕೆಲವು ವರ್ಷಗಳ ಕೆಳಗೆ ಆ ಗುಡ್ಡದ ಇಳಿಜಾರಿನಲ್ಲಿ ಚೌಕವಾಗಿ ನಿಂತ ನಾಲ್ಕು ಮರಗಳಿಗೆ ಯಾರೋ ಕೆಂಪು ಬಟ್ಟೆ ಕಟ್ಟಿದ್ದರು. ದೇವರಿಗೆ ಮೀಸಲು ಬಿಟ್ಟಿದ್ದಾರೆ ಎಂದುಕೊಂಡಳು ಗಂಗಕ್ಕ. ಯಾವ ದೇವರು, ಯಾರ ಹರಕೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಮೀಸಲೆಂದ ಮೇಲೆ ಮುಗಿಯಿತು, ಅಲ್ಲಿ ಕುರಿ ನುಗ್ಗಬಾರದು, ಸೊಪ್ಪು ಕಡಿಯಬಾರದು, ಚಪ್ಪಲಿ ಮೆಟ್ಟಿ ಹೋಗಬಾರದು. ಹಟ್ಟಿಗೆಲ್ಲ ಸಾರಿಬಂದಳು. ಹಟ್ಟಿಯವರೂ ತಲೆಬಾಗಿದರು.

ಈ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ಅರಣ್ಯ ಇಲಾಖೆಯ ಪರವಾಗಿ ಮೇಘಶ್ರೀ ಬಂದಳು. ಮಳೆ ತಪ್ಪಿ ಬಿಸಿಲೇರುವ ಈ ಕಾಲದಲ್ಲಿ ಯಾವ ಕಾಡು ತಾಳೀತು, ಯಾವುದು ಸೊರಗೀತು ಎಂದು ಅಳೆಯುವುದು ಅವಳ ಕೆಲಸ. ಅಂದು ಅಳತೆಯ ಗುರುತಿಗೆಂದು ಮರಗಳಿಗೆ ಬಟ್ಟೆ ಕಟ್ಟಿದ್ದವಳೂ ಅವಳೇ. ಗುಡ್ಡ ಸೊರಗಿದೆ ಎಂದಾದರೆ ಕುರಿ ಮೇಯಿಸುವುದನ್ನೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಟ್ಟಿಯಲ್ಲಿ ಹಬ್ಬಿತ್ತು. ಗಂಗಕ್ಕನ ಜೀವ ಬಾಯಿಗೆ ಬಂದಿತ್ತು. ಕುರಿಯಿಲ್ಲದ ಬದುಕು ಅವಳಿಗೆ ಬದುಕೇ ಅಲ್ಲ.

ಬಟ್ಟೆಗಳ ನಡುವಿನ ಜಾಗದಲ್ಲಿ ಕಮರದ ಸಸಿಗಳು ಮೊಣಕಾಲೆತ್ತರ ಎದ್ದಿದ್ದವು. ಮೇಘಶ್ರೀ ಕುಣಿಯುವುದೊಂದು ಬಾಕಿ. ಇಂಥ ಬಿಸಿಲಲ್ಲೂ ಕಾಡು ತಾನಾಗಿ ಎದ್ದಿದೆ, ಗುಡ್ಡ ಗಟ್ಟಿಯಾಗಿದೆ ಎಂದಳು. ಗಂಗಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಕುರಿಗಳು ಉಳಿಯುತ್ತಿದ್ದವು. ಅದು ಅವಳಿಂದ ಆಗುವ ಕೆಲಸವೇ?

"ತಾನಾಗಿ ಎದ್ದಿಲ್ಲ ಕಣವ್ವ. ದೇವ್ರ ಮೀಸಲು ಐತೆ ಅಂತ ನಾವು ಕುರಿ ಬಿಟ್ಟಿಲ್ಲ."

ಮೇಘಶ್ರೀಯ ಮುಖ ಸಪ್ಪಗಾಯಿತು. ಉಳಿದ ಗುಡ್ಡದಂತೆ ಇಲ್ಲೂ ಕುರಿ ಮೇಯ್ದಿದ್ದರೆ ತಾನೆ ಲೆಕ್ಕ, ಅಳತೆಯೆಲ್ಲ ಕೆಟ್ಟಿತಲ್ಲ ಎಂದು ತಲೆ ಹಿಡಿದು ಕೂತಳು. ಆಮೇಲೆ ಎದ್ದು ಕುರಿ ಮೇಯುವ ಪಕ್ಕದ ಇಳಿಜಾರಿಗೆ ಹೋದಳು. ಅಲ್ಲಿ ಒಂದು ಸಸಿಯೂ ಇರಲಿಲ್ಲ. ಅದೇ ಮಣ್ಣು, ಅದೇ ಮಳೆ. ವಾಪಸು ಬರುವಾಗ ನಗುತ್ತಿದ್ದಳು. ಗುಡ್ಡ ಸೊರಗಿದೆ, ನಿಜ, ಆದರೆ ಬಿಟ್ಟರೆ ಎದ್ದೇಳುತ್ತದೆ. ಸಸಿ ಕುರಿಗೆ ಎಟುಕದಷ್ಟು ಬೆಳೆಯುವವರೆಗೆ ಒಂದೊಂದೇ ಭಾಗ ಮೀಸಲಿಟ್ಟು, ಉಳಿದ ಕಡೆ ಮೇಯಿಸಿದರೆ ಸಾಕು ಎಂದು ವರದಿ ಕೊಟ್ಟಳು. ಇಲಾಖೆಯೂ ಒಪ್ಪಿತು. ಅಂದು ಹಟ್ಟಿಯಲ್ಲಿ ಪಾಯಸ.

ಮುಂಗಾರು ಬಿದ್ದಾಗ ಮುಂದಿನ ಭಾಗಕ್ಕೆ ಬಟ್ಟೆ ಕಟ್ಟಲು ಗಂಗಕ್ಕನನ್ನೇ ಕರೆದರು. ಹಳೆಯ ಕೆಂಪು ಸೀರೆ ಹರಿದು ತಂದಳು, ಆ ಜಾಗದ ಅಂಚಿನಲ್ಲಿ ಚಪ್ಪಲಿ ಬಿಟ್ಟಳು.

"ಇದು ದೇವ್ರದ್ದಲ್ಲ ಅಂತ ಈಗ ಗೊತ್ತಾತಲ್ಲ, ಗಂಗಕ್ಕ," ಎಂದಳು ಮೇಘಶ್ರೀ.

"ಆಗ ಅಲ್ಲದಿದ್ರೆ ಈಗ ಆಗೈತೆ ಬಿಡವ್ವ. ನೀನೂ ಬೂಟು ಬಿಚ್ಚು."

ಮೇಘಶ್ರೀ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು.